ರಸ್ತೆ ಸರ್ವೆಗೆ ಬಂದವರಿಗೆ ಹೊಲದ ವೀರಗಲ್ಲು ತೋರಿಸಬೇಕಾ, ಬೇಡ್ವಾ?

ಎರಿಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆ, ಊರ ಹೆಸರು ಬೇಡ. ಊರ ಮುಂದಿನ ರಸ್ತೆ ಅಗಲ ಮಾಡುತ್ತಿದ್ದಾರೆ. ಊರೊಳಗೆ ಜಾಗ ಇಲ್ಲ ಅಂತ ಬೈಪಾಸ್ ಹಾಕಿದ್ದಾರೆ, ಅದು ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದ ಒಂದು ಮೂಲೆ ಕೊಯ್ದುಕೊಂಡು ಹೋಗುತ್ತದೆ. ಪರಿಹಾರದ ಮಾತು ಬೇರೆ, ಅದನ್ನು ಇಲ್ಲಿ ಕೇಳುತ್ತಿಲ್ಲ.

ಹೋದ ವಾರ ಜೀಪಿನಲ್ಲಿ ಮೂವರು ಬಂದಿದ್ದರು. ಒಬ್ಬರ ಕೈಯಲ್ಲಿ ಜಿಪಿಎಸ್, ಇನ್ನೊಬ್ಬರ ಕೈಯಲ್ಲಿ ಫಾರ್ಮು. ಹಳೇ ಗುಡಿ, ಶಾಸನ, ಗೋರಿ, ಏನಾದರೂ ಇವೆಯಾ ಅಂತ ಕೇಳಿದರು. ರಸ್ತೆಗೆ ಮುಂಚೆ ಪುರಾತತ್ವದ ಸರ್ವೆ ಮಾಡಬೇಕಂತೆ. ಅಪ್ಪ ಥಟ್ಟನೆ "ಏನೂ ಇಲ್ರಿ" ಅಂದುಬಿಟ್ಟರು. ಅವರು ಬರೆದುಕೊಂಡು ಚಹಾ ಕುಡಿದು ಹೋದರು.

ಆದರೆ ಇದೆ. ಬದುವಿನ ಮೇಲೆ ಬೇವಿನ ಗಿಡದ ಬುಡದಲ್ಲಿ ಒಂದು ವೀರಗಲ್ಲು, ಅರ್ಧ ಮಣ್ಣಲ್ಲಿ ಹೂತಿದೆ, ಮೇಲೆ ಕಾಣುವುದು ಸೊಂಟದ ಎತ್ತರ. ನಮ್ಮ ಅಮ್ಮ (ಅಪ್ಪನ ತಾಯಿ) ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುವಾಗ ಅದರ ಮುಂದೆಯೂ ಒಂದು ತುತ್ತು ಇಟ್ಟು ಬರುತ್ತಿದ್ದಳು. ಅಲ್ಲಿಂದ ಸ್ವಲ್ಪ ಆಚೆ ಒಂದು ದಿಬ್ಬ ಇದೆ, ಹಾಳೂರು ಅಂತ ಕರೆಯುತ್ತೇವೆ. ಊರೇನೂ ಇಲ್ಲ, ಹರಗುವಾಗ ಗಡಿಗೆ ಚೂರು ಮಾತ್ರ ಬರುತ್ತವೆ.

ಅಪ್ಪನ ಹೆದರಿಕೆ ಇಷ್ಟೇ: ಪುರಾತತ್ವದವರಿಗೆ ಗೊತ್ತಾದರೆ ಹೊಲಕ್ಕೆ ತಂತಿ ಬೇಲಿ ಹಾಕಿ ಬೋರ್ಡು ನೆಡುತ್ತಾರೆ, ಆಮೇಲೆ ಒಂದು ಬೋರ್ ಹಾಕಿಸೋಕೂ ಬಿಡುವುದಿಲ್ಲ. ಲಕ್ಕುಂಡಿಯಲ್ಲಿ ನಮ್ಮ ಬೀಗರಿದ್ದಾರೆ, ಗುಡಿಯಿಂದ 100 ಮೀಟರ್ ಒಳಗಿದ್ದರೆ ಮನೆ ರಿಪೇರಿಗೂ ಪರ್ಮಿಷನ್ ಬೇಕು ಅಂತ ಅವರು ಒಮ್ಮೆ ಹೇಳಿದ್ದು ಅಪ್ಪನ ತಲೆಯಲ್ಲಿ ಕೂತುಬಿಟ್ಟಿದೆ. ಈಗ ನನಗೆ ಒಳಗೊಳಗೇ ಕಸಿವಿಸಿ. ತೋರಿಸಬೇಕಿತ್ತಾ? ತೋರಿಸಿದರೆ ಹೊಲ ಹೋಗುತ್ತಾ? ತೋರಿಸದಿದ್ದರೆ ಜೆಸಿಬಿ ಬಂದ ದಿನ ಆ ಕಲ್ಲಿನ ಗತಿ ಏನು?

---

ಪೇಡಾನಗರಿ:

ಮೊದಲು ಅಪ್ಪಾರಿಗೆ ಧೈರ್ಯ ಹೇಳಿ. ನಾನು ಧಾರವಾಡದಲ್ಲಿ ಇದೇ ವಿಷಯ ಓದುತ್ತಿದ್ದೇನೆ, ಹಳ್ಳಿಗೆ ಹೋದಲ್ಲೆಲ್ಲ ನಮಗೆ ಎದುರಾಗುವ ಮೊದಲ ಪ್ರಶ್ನೆ ಇದೇ.

100 ಮೀಟರ್ ಮಾತು ಸುಳ್ಳಲ್ಲ. ಕೇಂದ್ರದ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಆದರೆ ಅಲ್ಲಿರುವ "ರಕ್ಷಿತ" ಅನ್ನುವ ಒಂದು ಮಾತೇ ಎಲ್ಲ. ಯಾವುದೋ ಕಲ್ಲು ಹಳೆಯದು ಅಂದ ಮಾತ್ರಕ್ಕೆ ಅದು ರಕ್ಷಿತ ಆಗುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಬೇಕು, ತಕರಾರು ಹೇಳೋಕೆ ಎರಡು ತಿಂಗಳು ಕೊಡಬೇಕು, ಆಮೇಲೆ ಘೋಷಣೆ. ರಾಜ್ಯಕ್ಕೆ 1961ರ ಬೇರೆ ಕಾಯ್ದೆ ಇದೆ, ಅಲ್ಲೂ ಅಧಿಸೂಚನೆ ಆಗಲೇಬೇಕು. ಲಕ್ಕುಂಡಿಯ ಲೆಕ್ಕ ಬೇರೆ. ಅಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇದೆ, ಕಾಶಿವಿಶ್ವೇಶ್ವರ ಇದೆ, ಊರೇ ಗುಡಿಗಳ ನಡುವೆ ಇದೆ. ನಿಮ್ಮ ಬೀಗರ ಕಷ್ಟ ನಿಜವೇ, ನಿಮ್ಮ ಬದುವಿಗೆ ಅದು ಹತ್ತುವುದಿಲ್ಲ.

ಈಗ ಬೇಜಾರಿನ ಮಾತು. ನಿಮ್ಮ ಕಲ್ಲು ಯಾವ ಪಟ್ಟಿಯಲ್ಲೂ ಇಲ್ಲದಿರುವುದರಿಂದ ನಿಮ್ಮ ಹೊಲಕ್ಕೆ ತೊಂದರೆ ಇಲ್ಲ, ಆದರೆ ಅದೇ ಕಾರಣಕ್ಕೆ ಕಲ್ಲಿಗೆ ರಕ್ಷಣೆಯೂ ಇಲ್ಲ. ರಸ್ತೆಯವರು ಎನ್‌ಒಸಿಗೆ ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಒಪ್ಪಿಗೆಗೆ, ಪತ್ರ ಬರೆದರೆ ಪುರಾತತ್ವ ಇಲಾಖೆ ಹೇಳುವುದು ಇಷ್ಟು: ಇಂತಿಷ್ಟು ದೂರದೊಳಗೆ ನಮ್ಮ ರಕ್ಷಿತ ಸ್ಮಾರಕ ಇದೆ, ಇಲ್ಲಾ ಇಲ್ಲ. ಅದು ಸರಿಯಾದ ಉತ್ತರವೇ. ಆದರೆ ಓದುವವರು "ಅಲ್ಲಿ ಹಳೆಯದು ಏನೂ ಇಲ್ಲ" ಅಂತ ಓದಿಕೊಳ್ಳುತ್ತಾರೆ. ನಮ್ಮ ಕಡೆ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಇರುವುದೆಲ್ಲ ಹೆಚ್ಚಾಗಿ ಬದು, ಕೆರೆ ಏರಿ, ಹಳೇ ಬಂಡಿ ದಾರಿ, ಊರ ಅಗಸಿ, ಇಂಥ ಕಡೆ. ರಸ್ತೆ ಅಗಲ ಆಗುವುದೂ ಅಲ್ಲೇ.

---

ಕಪ್ಪತಗುಡ್ಡ:

ತಮ್ಮಾ, ನಾನು ರಸ್ತೆ ಸರ್ವೆ ಕೆಲಸದಲ್ಲಿ ವಯಸ್ಸು ಕಳೆದವನು, ಈಗ ಮನೆಯಲ್ಲಿದ್ದೇನೆ. ಆ ಜೀಪಿನಲ್ಲಿ ಬಂದ ಮೂವರಲ್ಲಿ ಒಬ್ಬನಾಗಿ ಎಷ್ಟೋ ಊರು ತಿರುಗಿದ್ದೇನೆ, ಹಾಗಾಗಿ ಒಳಗಿನ ಮಾತು ಹೇಳುತ್ತೇನೆ.

ಅವರು ಪುರಾತತ್ವದವರೇ ಆಗಿರಬೇಕು ಅಂತೇನಿಲ್ಲ. ಹೆಚ್ಚಾಗಿ ಕನ್ಸಲ್ಟೆನ್ಸಿಯ ಪರಿಸರ ವಿಭಾಗದ ಹುಡುಗರು. ಗಿಡ ಎಣಿಸುವುದು, ಶಾಲೆ ಆಸ್ಪತ್ರೆ ಎಷ್ಟು ದೂರ ಅಂತ ಬರೆಯುವುದು, ಬೋರ್‌ವೆಲ್ ನೀರು ತುಂಬಿಕೊಳ್ಳುವುದು, ಅದರ ನಡುವೆ "ಸಾಂಸ್ಕೃತಿಕ ಆಸ್ತಿ" ಅಂತ ಒಂದು ಕಲಂ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಮುಗಿಸಬೇಕು. ಪೂಜಾರಿಯನ್ನೋ ಪಂಚಾಯ್ತಿ ಮೆಂಬರನ್ನೋ ಕೇಳುತ್ತೇವೆ. ಗುಡಿ ಕಂಡರೆ ಬರೆಯುತ್ತೇವೆ, ಯಾಕೆಂದರೆ ಗುಡಿ ತೆಗೆದರೆ ಗಲಾಟೆ ಆಗುತ್ತದೆ. ಕಲ್ಲಿಗೆ ಯಾರು ಗಲಾಟೆ ಮಾಡುತ್ತಾರೆ? ನಿಮ್ಮ ಅಪ್ಪಾರು ಹೇಳಿದಂತೆ ಎಲ್ಲರೂ ಏನೂ ಇಲ್ರಿ ಅಂತಾರೆ, ನಾವು ನಿಲ್, ಅಂದರೆ ಏನೂ ಇಲ್ಲ, ಅಂತ ಬರೆಯುತ್ತೇವೆ. ನಾನೇ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದುಡ್ಡು ಎಲ್ಲಿಂದ ಬಂತು ಅನ್ನುವುದರ ಮೇಲೂ ಇದೆ. ವಿಶ್ವಬ್ಯಾಂಕ್ ಸಾಲದ ರಸ್ತೆ ಆದರೆ ಅವರದ್ದೇ ನಿಯಮ ಇದೆ, 2018ರಿಂದ ಪರಂಪರೆಗೆ ಅಂತಲೇ ಬೇರೆ ಮಾನದಂಡ ತಂದಿದ್ದಾರೆ. ರಕ್ಷಿತ ಪಟ್ಟಿಯಲ್ಲಿ ಇಲ್ಲದ್ದನ್ನೂ ನೋಡಬೇಕು, ಊರವರನ್ನು ಕೇಳಬೇಕು, ಅಗೆಯುವಾಗ ಏನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ಬೇಲಿ ಹಾಕಿ ತಿಳಿಸಬೇಕು. ಸರ್ಕಾರದ ಸ್ವಂತ ದುಡ್ಡಿನ ರಸ್ತೆಗೆ ಅಷ್ಟು ಬಿಗಿ ಇಲ್ಲ. ಪರಿಸರ ಅನುಮತಿಯಲ್ಲಾದರೂ ಸಿಗುತ್ತೆ ಅಂದುಕೊಂಡರೆ, ಇರುವ ರಾಷ್ಟ್ರೀಯ ಹೆದ್ದಾರಿ ಅಗಲ ಮಾಡುವಾಗ 100 ಕಿಲೋಮೀಟರ್‌ಗಿಂತ ಉದ್ದ ಇರಬೇಕು, ಜೊತೆಗೆ ಹೆಚ್ಚುವರಿ ಜಾಗ ಹಳೇ ಮಾರ್ಗದಲ್ಲಿ 40 ಮೀಟರ್, ಹೊಸ ಮಾರ್ಗದಲ್ಲಿ 60 ಮೀಟರ್ ದಾಟಬೇಕು ಅಂತ 2013ರಲ್ಲಿ ಸಡಿಲ ಮಾಡಿದರು. ಅದಕ್ಕಿಂತ ಕಡಿಮೆ ಇದ್ದರೆ ಆ ಬಾಗಿಲೂ ಮುಚ್ಚಿತು.

ಆದರೆ ಇದೆಲ್ಲಕ್ಕಿಂತ ದೊಡ್ಡ ಮಾತು ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಸರ್ವೆ ಮಾಡುವುದು ರಸ್ತೆಯ ಗೆರೆ ಮೇಲೆ. ನೆಲ ಹಾಳಾಗುವುದು ಗೆರೆಯ ಹೊರಗೆ. ನಿಮ್ಮದು ಎರಿ ಸೀಮೆ. ಎರಿ ಮಣ್ಣು ರಸ್ತೆಗೆ ಬರುವುದಿಲ್ಲ, ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಸೀಳಿ ಹೋಗುತ್ತದೆ. ಹಾಗಾಗಿ ಗುತ್ತಿಗೆದಾರರ ಕಡೆಯವರು ಸುತ್ತಮುತ್ತ ಗರಸು (ಗಟ್ಟಿ ಕಲ್ಲುಮಣ್ಣು) ಹುಡುಕಿಕೊಂಡು ಅಲೆಯುತ್ತಾರೆ. ಕಪ್ಪು ಹೊಲಗಳ ನಡುವೆ ಬೂದು ಬಣ್ಣದ ಎತ್ತರದ ದಿಬ್ಬ ಕಂಡರೆ ಅವರಿಗೆ ಹಬ್ಬ. ಆ ದಿಬ್ಬ ಏನು ಅಂತ ಗೊತ್ತಲ್ಲ? ಸಾವಿರ ವರ್ಷ ಜನ ಬದುಕಿ ಬಿಟ್ಟುಹೋದ ಊರು. ಬೂದಿ, ಸಗಣಿ, ಬಿದ್ದ ಮಣ್ಣಿನ ಗೋಡೆ. ನಮ್ಮ ಹಿರಿಯರು ಅದನ್ನೇ ಹಾಳಮಣ್ಣು ಅಂತ ತಂದು ಮಾಳಿಗೆ ಮೇಲೆ ಹಾಕುತ್ತಿದ್ದರು. ಅವರು ಬುಟ್ಟಿಯಲ್ಲಿ ತಂದರು, ಈಗ ಟಿಪ್ಪರ್. ನಾನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ, ಹೊಸದಾಗಿ ಹಾಕಿದ ಏರಿಯ ಪಕ್ಕ ನಡೆಯುವಾಗ ಕಾಲಿಗೆ ಕಪ್ಪು ಕೆಂಪು ಗಡಿಗೆ ಚೂರು ಸಿಗುತ್ತಿದ್ದವು, ಎಂಟು ಕಿಲೋಮೀಟರ್ ಆಚೆಯ ದಿಬ್ಬ ಅಲ್ಲಿಗೆ ಬಂದು ಮಲಗಿತ್ತು. ಕಾಗದದ ಮೇಲೆ ಆ ರಸ್ತೆಯ ಪುರಾತತ್ವ ಕಲಂ ಶುದ್ಧವಾಗಿ ನಿಲ್.

ನಿನ್ನ ವೀರಗಲ್ಲಿಗಿಂತ ನನಗೆ ನಿನ್ನ ಹಾಳೂರಿನ ಚಿಂತೆ ಜಾಸ್ತಿ. ಅದು ಯಾರ ಸರ್ವೆ ನಂಬರಿನಲ್ಲಿದೆ?

---

ಹಳೇಹುಬ್ಳಿ:

ಎಲ್ಲ ಸರಿ, ಆದರೆ ರಸ್ತೆ ಬೇಕೋ ಬೇಡವೋ ಅದನ್ನು ಹೇಳಿ. ನಾನು ವಾರಕ್ಕೆ ಮೂರು ಸಲ ಹುಬ್ಬಳ್ಳಿ ಗದಗ ಓಡಾಡುತ್ತೇನೆ. ಮೊದಲು ಆ ರಸ್ತೆ ಹೇಗಿತ್ತು ಅಂತ ಸೊಂಟ ನೋವಿದ್ದವರನ್ನು ಕೇಳಿ. ಬದುವಿನ ಮೇಲಿನ ಪ್ರತಿ ಕಲ್ಲಿಗೂ ಸರ್ವೆ, ಪ್ರತಿ ದಿಬ್ಬಕ್ಕೂ ಎನ್‌ಒಸಿ ಅಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ರಸ್ತೆ ಆಗುವುದಿಲ್ಲ. ನಮ್ಮ ಕಡೆ ಕಾಲಿಟ್ಟಲ್ಲಿ ಇತಿಹಾಸ, ಎಲ್ಲಿ ಅಂತ ತಪ್ಪಿಸೋದು?

---

ಪೇಡಾನಗರಿ:

@ಹಳೇಹುಬ್ಳಿ ಅಣ್ಣಾ, ರಸ್ತೆ ನಿಲ್ಲಿಸಿ ಅಂತ ಇಲ್ಲಿ ಯಾರೂ ಹೇಳಿಲ್ಲ. ಮೊದಲೇ ನೋಡಿದರೆ ಗೆರೆಯನ್ನು ಹತ್ತು ಮೀಟರ್ ಆಚೆ ಸರಿಸಿದರೂ ಮುಗಿಯಿತು. ಆಮೇಲೆ ಸಿಕ್ಕರೆ ಕಷ್ಟ. ನೀವು ಓಡಾಡುವ ರಸ್ತೆ ಮೇಲೇ ಅಣ್ಣಿಗೇರಿ ಬರುತ್ತದಲ್ಲ, ಅಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆ ಸಿಕ್ಕವು, ನೆನಪಿದೆಯಾ? ಚರಂಡಿ ಕೆಲಸ ಅಲ್ಲಿಗೇ ನಿಂತಿತು. ಯುದ್ಧವೋ ಬರಗಾಲವೋ ಅಂತ ವರ್ಷಗಟ್ಟಲೆ ಚರ್ಚೆ ಆಯಿತು. ಜೆಸಿಬಿ ಬಾಯಿಗೆ ಮೊದಲು ಬಿದ್ದವು ಯಾವ ಕ್ರಮದಲ್ಲಿದ್ದವು ಅನ್ನುವುದು ಹೋಗೇ ಹೋಯಿತು.

ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ, ಬೈಯಬೇಡಿ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ಹತ್ತಿರ ಎ14 ಅನ್ನುವ ರಸ್ತೆ ಅಗಲ ಮಾಡುವಾಗ, ಸುಮಾರು 34 ಕಿಲೋಮೀಟರ್ ಅಷ್ಟೇ, 2016ರಿಂದ ಎರಡು ವರ್ಷ ಉತ್ಖನನ ನಡೆಯಿತು. ಒಂದು ಹಂತದಲ್ಲಿ 250 ಜನ ಪುರಾತತ್ವದವರು ಕೆಲಸ ಮಾಡುತ್ತಿದ್ದರು. ರೋಮನ್ ಕಾಲದ ಮಡಕೆ ಸುಡುವ 40ಕ್ಕೂ ಹೆಚ್ಚು ಭಟ್ಟಿ ಸಿಕ್ಕವು, ಇಡೀ ಊರುಗಳೇ ಸಿಕ್ಕವು. ರಸ್ತೆಯೂ ಆಯಿತು, ಈಗ ಲಾರಿ ಓಡುತ್ತಿವೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಗೊತ್ತು. ನಾನು ಕೇಳುವುದು ಒಂದು ಜಿಲ್ಲೆಗೆ ಇಬ್ಬರು ಬಲ್ಲವರು, ಹದಿನೈದು ದಿನ ನಡೆದು ನೋಡಲಿ ಅಂತ, ಅಷ್ಟೇ.

ಅದೂ ಯಾವಾಗ ನಡೆಯಬೇಕು ಅನ್ನುವುದು ಮುಖ್ಯ. ಎರಿ ಹೊಲದಲ್ಲಿ ಬೆಳೆ ನಿಂತಾಗ ಬಂದರೆ ಏನೂ ಕಾಣುವುದಿಲ್ಲ. ಕಡು ಬೇಸಿಗೆಗೆ ಬಿರುಕು ಬಿಟ್ಟಾಗ ಚಿಕ್ಕ ಚೂರುಗಳು ಬಿರುಕಿನೊಳಗೆ ಇಳಿದುಬಿಡುತ್ತವೆ. ಹರಗಿದ ಮೇಲೆ ಒಂದು ಮಳೆ ಬಿದ್ದು, ಮಣ್ಣು ತೊಳೆದು, ಚೂರು ಮೇಲೆದ್ದು ಕಾಣುವ ಆ ಎಂಟು ಹತ್ತು ದಿನವೇ ನಮಗೆ ಸುಗ್ಗಿ. ರಾಡಾರ್ ಯಂತ್ರ ತಂದು ನೆಲದೊಳಗೆ ನೋಡುತ್ತೇವೆ ಅಂತಾರಲ್ಲ, ಅದು ಒದ್ದೆ ಎರಿಯಲ್ಲಿ ಜಾಸ್ತಿ ಆಳ ಹೋಗುವುದಿಲ್ಲ, ಜೇಡಿ ಅದರ ಅಲೆಯನ್ನು ನುಂಗುತ್ತದೆ. ಇಲ್ಲಿ ಕಾಲು, ಕಣ್ಣು, ಊರ ಮುದುಕರು, ಈ ಮೂರೇ ಯಂತ್ರ. ಕಂದಾಯ ದಾಖಲೆಯಲ್ಲಿ ಬೇಚರಾಕ್ (ಜನವಸತಿ ಇಲ್ಲದ್ದು) ಅಂತ ಬರೆದ ಊರುಗಳ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಆದಂತೆ.

---

ಸವಣೂರುಖಾರ:

ನಾನು ಹಾವೇರಿ ಕಡೆಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಯಾರೋ "ಕಲ್ಲು ಎತ್ತಿ ಸುರಕ್ಷಿತ ಜಾಗದಲ್ಲಿಡಿ" ಅಂತ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮೂರ ರಸ್ತೆ ಅಗಲ ಆದಾಗ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆರೋ ಏಳೋ ಕಲ್ಲು ಟ್ರಾಕ್ಟರಿನಲ್ಲಿ ತಂದು ಒಂದು ಕಟ್ಟಡದ ಹಿಂದೆ ಗೋಡೆಗೆ ಒರಗಿಸಿದರು. ಒಂದು ಒಡೆಯಿತು. ಉಳಿದವುಗಳಲ್ಲಿ ಯಾವುದು ಯಾವ ಹೊಲದ್ದು ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಅದರಲ್ಲಿ ಒಂದು ಲಿಂಗಮುದ್ರೆ ಕಲ್ಲು, ಗುಡಿಗೆ ಬಿಟ್ಟ ದತ್ತಿ ಹೊಲದ ಗಡಿಗೆ ನೆಡುತ್ತಿದ್ದದ್ದು. ಗಡಿಕಲ್ಲನ್ನು ಗಡಿಯಿಂದ ಕಿತ್ತರೆ ಉಳಿಯುವುದೇನು, ಒಂದು ಕಲ್ಲು ಅಷ್ಟೇ ಅಲ್ವಾ? ವೀರಗಲ್ಲೂ ಹಾಗೇ. ತುರು (ದನ) ಹಿಡಿಯಲು ಬಂದವರೊಡನೆ ಕಾದಿ ಸತ್ತವನ ಕಲ್ಲು ಹಳೇ ದಾರಿಯ ಪಕ್ಕ ನಿಂತಿದ್ದರೆ, ಆ ದಾರಿ ಅವನಷ್ಟೇ ಹಳೆಯದಿರಬಹುದು ಅನ್ನುವ ಸುಳಿವು ಸಿಗುತ್ತದೆ.

ಇನ್ನೊಂದು. ಚೆಂದ ಕೆತ್ತಿದ್ದು ಮಾತ್ರ ಹಳೆಯದು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಹಳ್ಳೂರು ಗೊತ್ತಿರಬಹುದು, ತುಂಗಭದ್ರೆ ದಂಡೆ ಮೇಲಿನ ಊರು. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ಅಗೆದಾಗ ಸಿಕ್ಕಿದ್ದು ದೇವರ ಮೂರ್ತಿಯಲ್ಲ. ಗಡಿಗೆ ಚೂರು, ಕಲ್ಲಿನ ಕೊಡಲಿ, ಕಬ್ಬಿಣದ ತುಣುಕು, ದನದ ಎಲುಬು. ಆ ಕಬ್ಬಿಣ ಸುಮಾರು ಮೂರು ಸಾವಿರ ವರ್ಷ ಹಳೆಯದು, ದಕ್ಷಿಣ ಭಾರತದ ಕಬ್ಬಿಣದ ಕತೆ ಹೇಳುವವರು ಯಾರೇ ಆಗಲಿ ಹಳ್ಳೂರಿನ ಹೆಸರು ಎತ್ತಲೇಬೇಕು. ಎಲುಬು ನೋಡಿದವರು ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರ ಅವರು. ಅದರಲ್ಲಿ ಕುದುರೆಯದೂ ಇದೆ ಅಂತ ಅವರು ಹೇಳಿದ್ದಕ್ಕೆ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ. ನಮ್ಮ ಹುಡುಗರನ್ನು ಹೊಲಕ್ಕೆ ಕರೆದುಕೊಂಡು ಹೋದರೆ ನಾನು ಮೊದಲು ತೋರಿಸುವುದು ಕಿಟ್ಟ, ಕಬ್ಬಿಣ ಕರಗಿಸಿದಾಗ ಉಳಿಯುವ ಕಸ. ಕಪ್ಪಗೆ, ತೂತು ತೂತಾಗಿ, ಭಾರವಾಗಿ ಇರುತ್ತದೆ. ಅದನ್ನು ನೋಡಿ ಯಾರೂ ಕೈಮುಗಿಯುವುದಿಲ್ಲ, ಜೀಪಿನವರು ಬರೆದುಕೊಳ್ಳುವುದೂ ಇಲ್ಲ.

---

ಎರಿಹೊಲ:

ಎಲ್ಲರಿಗೂ ಥ್ಯಾಂಕ್ಸ್. ಕಪ್ಪತಗುಡ್ಡ ಸರ್, ನೀವು ಕೇಳಿದ ಪ್ರಶ್ನೆ ನೇರ ಎದೆಗೇ ಬಡಿಯಿತು. ಹಾಳೂರು ದಿಬ್ಬ ನಮ್ಮ ಕಾಕಾನ ಪಾಲಿಗೆ ಬಂದಿದೆ. ನಿನ್ನೆ ವಿಚಾರಿಸಿದೆ. ಯಾರೋ ಬಂದು ಟ್ರಿಪ್ಪಿಗೆ ಇಷ್ಟು ಅಂತ ಮಾತಾಡಿ ಮುಂಗಡ ಕೊಟ್ಟು ಹೋಗಿದ್ದಾರಂತೆ. ಕಾಕಾನಿಗೆ ದಿಬ್ಬ ಹೋಗಿ ಹೊಲ ಸಪಾಟಾದರೆ ನೀರು ಹಾಯಿಸೋಕೆ ಅನುಕೂಲ, ಮೇಲೆ ದುಡ್ಡು. ಅವನಿಗೆ ನಾನು ಏನಂತ ಹೇಳಲಿ?

ಕಲ್ಲಿಗೆ ಸದ್ಯ ಏನು ಮಾಡಬೇಕು ಅದನ್ನೂ ಹೇಳಿ. ಮುಂದಿನ ವಾರ ಜಂಟಿ ಅಳತೆಗೆ ಬರುತ್ತಾರಂತೆ.

---

ಪೇಡಾನಗರಿ:

ಕಲ್ಲಿನದು ಸುಲಭ. ಬರೀ ನೀರು, ಮೆತ್ತನೆ ಬ್ರಷ್. ಸುಣ್ಣ, ಸೀಮೆಸುಣ್ಣ, ಎಣ್ಣೆ, ಅರಿಶಿನ ಏನೂ ಬೇಡ. ಬುಡ ಅಗೆಯಬೇಡಿ. ಬೆಳಿಗ್ಗೆ ಏಳರ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಇಲ್ಲಾ ರಾತ್ರಿ ಬ್ಯಾಟರಿ ಪಕ್ಕದಿಂದ ಹಿಡಿದು. ಮಧ್ಯಾಹ್ನದ ಫೋಟೋದಲ್ಲಿ ಅಕ್ಷರ ಸತ್ತುಹೋಗುತ್ತವೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗಪೂಜೆ ಇರುತ್ತದೆ. ಬರಹ ಇದ್ದರೆ ಹೆಚ್ಚಾಗಿ ಆ ಪಟ್ಟಿಗಳ ನಡುವಿನ ಅಂಚಿನಲ್ಲಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ, ಸರ್ವೆ ನಂಬರು, ಮೊಬೈಲಿನ ಲೊಕೇಶನ್ ಬರೆದಿಡಿ. ಆದರೆ ಲೊಕೇಶನ್ ಇಲ್ಲಿ ಹಾಕಬೇಡಿ. ನಿಧಿ ಕಳ್ಳರು ಇಂಥ ಪೋಸ್ಟ್ ಓದುತ್ತಾರೆ, ಅಮಾವಾಸ್ಯೆ ರಾತ್ರಿ ಬಂದು ಕಲ್ಲು ಕೆಡವಿ ಹೋಗುತ್ತಾರೆ.

ಅರ್ಜಿ ಒಂದೇ ಪುಟ ಸಾಕು. ಜಿಲ್ಲಾಧಿಕಾರಿ, ರಾಜ್ಯ ಪುರಾತತ್ವ ಇಲಾಖೆ, ರಸ್ತೆಯ ಯೋಜನಾ ನಿರ್ದೇಶಕರು, ಮೂವರಿಗೂ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಒಂದು ಪ್ರತಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೂ ಕಳಿಸಿ. 1939ರಿಂದ ಶಾಸನ ಹುಡುಕುವ ಕೆಲಸ ಮಾಡುತ್ತಿರುವ ಸಂಸ್ಥೆ, ನಿಮ್ಮ ಕಲ್ಲು ಯಾವುದಾದರೂ ಸಂಪುಟದಲ್ಲಿ ಆಗಲೇ ಅಚ್ಚಾಗಿದೆಯಾ ಅಂತ ನೋಡಿ ಹೇಳುತ್ತಾರೆ. ನಿಮ್ಮದು ರಾಷ್ಟ್ರೀಯ ಹೆದ್ದಾರಿ ಆಗಿದ್ದು, ಭೂಸ್ವಾಧೀನದ 3ಎ ಅಧಿಸೂಚನೆ (ಭೂಮಿ ತಗೊಳ್ಳುತ್ತೇವೆ ಅಂತ ಮೊದಲು ತಿಳಿಸುವುದು) ಈಗಷ್ಟೇ ಬಂದಿದ್ದರೆ ತಕರಾರಿಗೆ 21 ದಿನ ಇರುತ್ತದೆ, ತಾರೀಕು ನೋಡಿಕೊಳ್ಳಿ.

---

ಕಪ್ಪತಗುಡ್ಡ:

ಕಾಕಾನ ವಿಷಯ. ರಸ್ತೆಗೆ ಭೂಮಿ ಕೊಡಲ್ಲ ಅನ್ನೋಕೆ ಆಗಲ್ಲ, ಸರ್ಕಾರ ತಗೊಂಡೇ ತಗೊಳ್ಳುತ್ತೆ. ಮಣ್ಣು ಹಾಗಲ್ಲ, ಅದು ಮಾಲೀಕ ಸಹಿ ಹಾಕಿದರೆ ಮಾತ್ರ. ಹಾಗಾಗಿ ನಿಮ್ಮ ಕಡೆಯ ಹಾಳೂರುಗಳು ಉಳಿಯುವುದು ಹೋಗುವುದು ಇಲಾಖೆ ಕೈಯಲ್ಲಿ ಇಲ್ಲ ತಮ್ಮಾ, ನಿನ್ನ ಕಾಕಾನಂಥವರ ಕೈಯಲ್ಲಿದೆ. ಇತಿಹಾಸ ಅಂತ ಹೇಳೋಕೆ ಹೋಗಬೇಡ, ಮುಂಗಡ ತಗೊಂಡವನಿಗೆ ಆ ಮಾತು ಕೇಳಿಸುವುದಿಲ್ಲ. ಲೆಕ್ಕ ಹೇಳು. ಅವರು ಮಾತಾಡಿದ್ದಕ್ಕಿಂತ ಆಳ ತೋಡುತ್ತಾರೆ, ಕೆಳಗಿನ ಎರಿ ಮೇಲೆ ಬಂದು ಗುಂಡಿ ಬೀಳುತ್ತದೆ, ಮಳೆಗಾಲಕ್ಕೆ ಅಲ್ಲಿ ನೀರು ನಿಂತು ಪಕ್ಕದ ಬೆಳೆಯೂ ಕೊಳೆಯುತ್ತದೆ. ಸಪಾಟು ಮಾಡಿಕೊಡುತ್ತೇವೆ ಅನ್ನುವ ಮಾತು ಕಾಗದದಲ್ಲಿ ಇದೆಯಾ ಕೇಳು. ಇರುವುದಿಲ್ಲ. ಇದನ್ನು ಎಷ್ಟು ಹೊಲದಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ.

ಅಳತೆ ದಿನ ನೀನೇ ಹೋಗಿ ನಿಲ್ಲು, ಅಪ್ಪಾರನ್ನೂ ಕರೆದುಕೊಂಡು ಹೋಗು. ಗಿಡ, ಬಾವಿ, ಪೈಪು ಎಲ್ಲ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಕಲ್ಲನ್ನೂ ಬರೆಸು. ಒಮ್ಮೆ ಸರ್ಕಾರಿ ಹಾಳೆಯಲ್ಲಿ ಬಂದರೆ, ಆಮೇಲೆ ಅದು ಕಾಣೆಯಾದಾಗ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

---

ಹಳೇಹುಬ್ಳಿ:

ಆ ಮಣ್ಣಿನ ಮಾತು ನನಗೆ ಗೊತ್ತಿರಲಿಲ್ಲ. ನಾನು ರಸ್ತೆ ಅಂದರೆ ಆ ಗೆರೆ ಅಷ್ಟೇ ಅಂದುಕೊಂಡಿದ್ದೆ. ರಸ್ತೆ ಬೇಗ ಆಗಲಿ ಅನ್ನುವ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

---

ಎರಿಹೊಲ:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟೆ, ಮೂರು ಕಡೆ ಸೀಲು ಬಿತ್ತು, ಧಾರವಾಡಕ್ಕೆ ಅಂಚೆಯಲ್ಲಿ ಕಳಿಸಿದೆ. ಕಾಕಾ ಎರಡು ದಿನ ಮಾತು ಬಿಟ್ಟಿದ್ದ, ನಿನ್ನೆ ಬಂದು ಆ ಆಳದ ವಿಷಯ ಕಾಗದದಲ್ಲಿ ಎಲ್ಲಿದೆ ತೋರಿಸು ಅಂದ. ತೋರಿಸಿದೆ, ಇರಲಿಲ್ಲ. ಮುಂಗಡ ವಾಪಸ್ ಕೊಡುತ್ತಾನೋ ಇಲ್ಲವೋ ಇನ್ನೂ ಬಾಯಿ ಬಿಟ್ಟಿಲ್ಲ.

ರಾತ್ರಿ ಬ್ಯಾಟರಿ ಹಿಡಿದು ನೋಡಿದೆವು. ನಡುವಿನ ಅಂಚಿನಲ್ಲಿ ಅಕ್ಷರ ಇವೆ, ಒಂದೂವರೆ ಸಾಲು. ಅಪ್ಪ ಐವತ್ತು ವರ್ಷದಿಂದ ಆ ಕಲ್ಲಿಗೆ ಬೆನ್ನು ಕೊಟ್ಟು ಬುತ್ತಿ ಉಂಡವರು, ನೋಡಿಯೇ ಇರಲಿಲ್ಲ. ಓದೋಕೆ ಬರಲಿಲ್ಲ, ಫೋಟೋ ಪೇಡಾನಗರಿಯವರಿಗೆ ಕಳಿಸಿದ್ದೇನೆ.

ಜಂಟಿ ಅಳತೆಗೆ ಬಂದವರಲ್ಲಿ ಒಬ್ಬ ಹುಡುಗ ನಾನು ಬರುವ ಮುಂಚೆಯೇ ಕಲ್ಲಿನ ನೆತ್ತಿ ಮೇಲೆ ಕೆಂಪು ಪೇಂಟಿನಲ್ಲಿ ಚೈನೇಜ್ ನಂಬರು (ರಸ್ತೆಯ ದೂರದ ಗುರುತು) ಬರೆದುಬಿಟ್ಟಿದ್ದ. ಗುರುತಿಗೆ ಗಟ್ಟಿ ಕಲ್ಲು ಬೇಕಿತ್ತಂತೆ. ಬರೆಸಲೇಬೇಕು ಅಂತ ನಾನು ಹಟ ಹಿಡಿದೆ, ಇದಕ್ಕೆ ಕಲಂ ಇಲ್ಲ ಅಂತ ಅವರು. ಕೊನೆಗೆ ಅಪ್ಪನೇ "ಇದೆ ಅಂತ ಬರೀರಿ" ಅಂದರು. ಹಾಳೆ ಈಗ ನನ್ನ ಮುಂದಿದೆ, ಇದ್ದದ್ದು ಇದ್ದಂತೆ ಬರೆಯುತ್ತೇನೆ: ಬೇವು 1, ಬನ್ನಿ 2, ಪೈಪ್‌ಲೈನ್ 40 ಮೀಟರ್, ಕಲ್ಲು 1.